ಉಪ್ಪಿನ ಗಣಿಯ ಗುರುವಾರಗಳು

ಉಪ್ಪಿನ ಗಣಿ, ನೆಲದ ಕೆಳಗೆ
ನನ್ನ ಲೆಕ್ಕದಲ್ಲಿ: 30 ಸೆಪ್ಟೆಂಬರ್ 2018, ಭಾನುವಾರ
(ಮೇಲಿನ ಕಚೇರಿಯ ಮುದ್ರೆ: 1 ಅಕ್ಟೋಬರ್, ಸೋಮವಾರ)

ತೊಲೊಮುಶಣ್ಣನಿಗೆ ಸಲಾಂ.

ಬದುಕಿದ್ದೇನೆ. ಮೂರನೇ ದಿನಕ್ಕೇ ಹೆದರಿ ಮೇಲೆ ಓಡಿಬರುತ್ತೇನೆಂದು ಸಾಯ್ರಾ ಅತ್ತಿಗೆಯ ಹತ್ತಿರ ಒಂದು ಕುರಿ ಪಂಥ ಕಟ್ಟಿದ್ದೆಯಂತೆ. ಆ ಕುರಿ ಹೋಯಿತೆಂದು ತಿಳಿದುಕೋ.

ನನ್ನ ಕೋಣೆಯನ್ನು ಉಪ್ಪಿನ ಬಂಡೆಯಲ್ಲೇ ಕೊರೆದಿದ್ದಾರೆ. ಒಂದು ಮಂಚ, ಒಂದು ಮೇಜು, ಒಂದು ದೀಪ, ಚಹಾಕ್ಕೆ ಕೆಟಲ್. ಗಡಿಯಾರವಿಲ್ಲ, ಫೋನಿಲ್ಲ, ಹಗಲು ರಾತ್ರಿಯಿಲ್ಲ. ನಿದ್ದೆ ಬಂದಾಗ ಮಲಗುತ್ತೇನೆ. ಎಚ್ಚರವಾದರೆ ಬೆಳಗಾಯಿತು ಅಂದುಕೊಂಡು ಗೋಡೆಯ ಮೇಲೆ ಒಂದು ಗೀಟು ಹಾಕುತ್ತೇನೆ. ಹಸಿವಾದರೆ ಹಗ್ಗ ಜಗ್ಗುತ್ತೇನೆ, ಮೇಲೆ ಗಂಟೆ ಹೊಡೆಯುತ್ತದೆ, ಎಸೆನ್‌ಗುಲ್ ಅಜ್ಜ ಬಕೆಟ್ಟಿನಲ್ಲಿ ಊಟ ಇಳಿಸುತ್ತಾನೆ. ರೊಟ್ಟಿ ಇವತ್ತಿನದೋ ನಿನ್ನೆಯದೋ ತಿಳಿಯಬಾರದೆಂದು ಅದನ್ನೂ ಒಣಗಿಸಿ ಕಳಿಸುತ್ತಾರೆ. ಮಂಚದಿಂದ ಹತ್ತು ಹೆಜ್ಜೆ ಆಚೆ ಹಲಗೆಯ ತಡೆ ಇದೆ. ಅದರ ಹಿಂದಿನ ಹಳೆಯ ಸುರಂಗ ಕುಸಿದಿದೆ, ಅತ್ತ ಯಾರೂ ಹೋಗುವುದಿಲ್ಲ. ಹೀಗೆ ಎಪ್ಪತ್ತು ದಿನ.

ಅಲ್ಲಿ ಏನು ಮಾಡುತ್ತೀಯ ಎಂದು ಹೊರಡುವಾಗ ನೀನು ಕೇಳಿದ್ದೆ, ನಾನು ಸಿಡುಕಿದ್ದೆ. ಈಗ ಹೇಳುತ್ತೇನೆ. ಮಲಗುವ ಮೊದಲು ಅರವತ್ತು ಚಿತ್ರ ನೋಡಿ ಯಾವುದು ಯಾವ ಚೌಕದಲ್ಲಿತ್ತೆಂದು ನೆನಪಿಡಬೇಕು. ಆಗ ಒಂದು ಕೊಳವೆಯಿಂದ ಸಣ್ಣಗೆ ವಾಸನೆ ಬಿಡುತ್ತಾರೆ. ನನಗೆ ಗಾಢ ನಿದ್ದೆ ಹತ್ತಿದೆಯೆಂದು ತಲೆಗೆ ಅಂಟಿಸಿದ ತಂತಿಗಳು ಮೇಲಿನವರಿಗೆ ತಿಳಿಸಿದಾಗ ಅದೇ ವಾಸನೆಯನ್ನು ಮತ್ತೆ ಬಿಡುತ್ತಾರೆ. ಮಲಗಿದವಳಿಗೆ ವಾಸನೆಯ ಅರಿವಾಗುವುದಿಲ್ಲ. ಆದರೆ ಮಿದುಳು ಆ ಚಿತ್ರಗಳನ್ನು ಮತ್ತೊಮ್ಮೆ ತಿರುವಿಹಾಕುತ್ತದೆ, ಎದ್ದಾಗ ಹೆಚ್ಚು ನೆನಪಿರುತ್ತವೆ. ಬಿಸಿಲು ಕಾಣದ ಮನುಷ್ಯನ ದಿನ ಎಷ್ಟು ಉದ್ದವಾಗುತ್ತದೆಂದೂ ಜೊತೆಗೇ ಅಳೆಯುತ್ತಾರೆ.

ಈ ಪ್ರಯೋಗ ನಡೆಸುವ ತಾಶ್ತಾನ್ ಪ್ರೊಫೆಸರಿಗೆ ಗುಲಾಬಿಯ ವಾಸನೆ ಬೇಕಿತ್ತು. ಹಟ ಹಿಡಿದು ಕಾದ ಎಣ್ಣೆಯಲ್ಲಿ ಬೋರ್ಸೋಕ್ ಹಿಟ್ಟಿನ ತುಂಡು ಕರಿಯುವ ವಾಸನೆ ಮಾಡಿಸಿದವಳು ನಾನು. ಯಾಕೆಂದು ನಿನಗೆ ಗೊತ್ತು. ನಮ್ಮ ಹೆಸರು ಮರೆತ ಅಮ್ಮ ಎಣ್ಣೆ ಕಾದ ವಾಸನೆಗೆ ಮಾತ್ರ ತಲೆಯೆತ್ತಿ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾಳೆ. ಅದು ಹೇಗೆಂದು ತಿಳಿದರೆ ಅವಳಿಗೆ ಏನಾದರೂ ಮಾಡಬಹುದು.

ಎಸೆನ್‌ಗುಲ್ ಅಜ್ಜನಿಗೆ ಇದು ಸರಿಬಂದಿಲ್ಲ. ನನ್ನನ್ನು ಇಳಿಸುವಾಗ, "ಮಗಳೇ, ಸತ್ತವರಿಗೆ ಉಣ್ಣೋಕೆ ಬನ್ನಿ ಅಂತ ಕರೆಯೋ ವಾಸನೆ ಅದು. ಅದನ್ನ ನೆಲದ ಮೇಲೆ ಎಬ್ಬಿಸ್ತಾರೆ. ನೆಲದ ಕೆಳಗೆ ಹೋಗಿ, ಅವರ ಮನೆ ಬಾಗಿಲಲ್ಲೇ ಎಬ್ಬಿಸ್ತಾರೇನೆ?" ಅಂದ. "ಬಂದ್ರೆ ಬರಲಿ ಅಜ್ಜಾ, ಚಹಾ ಕೊಡ್ತೀನಿ" ಅಂದೆ. ಅವನು ನಗಲಿಲ್ಲ.

ಅಮ್ಮ ಹೇಗಿದ್ದಾಳೆ? ಕೆಮ್ಮು?

ನಿನ್ನ ತಂಗಿ,
ಬುರುಲ್


ನಾರಿನ್
6 ಅಕ್ಟೋಬರ್, ಶನಿವಾರ

ಗಣಿಯೊಳಗಿನ ಇಲಿಗೆ,

ತಾರೀಖು ಬರೆದದ್ದು ಅಭ್ಯಾಸಬಲ. ನಿಮ್ಮ ಪ್ರೊಫೆಸರರ ಕತ್ತರಿಗೂ ಸ್ವಲ್ಪ ಕೆಲಸವಿರಲಿ. ದಿನ ಬರೆಯಬಾರದು, ಹವೆ ಬರೆಯಬಾರದು, ಹಬ್ಬ ಬರೆಯಬಾರದು ಎಂದು ಕಚೇರಿಯಿಂದ ಒಂದು ಹಾಳೆ ತುಂಬ ಕಟ್ಟಳೆ ಕಳಿಸಿದ್ದಾರೆ. ಇನ್ನು ನಾನು ಫ್ರಿಜ್ ರಿಪೇರಿಯ ವಿಷಯವನ್ನೇ ಬರೆಯಬೇಕು, ಅದಕ್ಕೆ ಮಳೆಗಾಲ ಚಳಿಗಾಲ ಇಲ್ಲ.

ಕುರಿ ಸಾಯ್ರಾಳ ಪಾಲಾಯಿತು. ಎರಡು ಹೊತ್ತೂ ನನಗೆ ಅದನ್ನೇ ಬಡಿಸಿ, "ತಿನ್ರೀ, ನಿಮ್ಮ ತಂಗಿ ಗೆದ್ದ ಕುರಿ" ಅನ್ನುತ್ತಾಳೆ.

ಅಮ್ಮ ನನ್ನನ್ನು ತೀರಿಕೊಂಡ ಸೋದರಮಾವನ ಹೆಸರಿನಿಂದ ಕರೆಯುತ್ತಾಳೆ. ನನ್ನ ಬೂಟುಗಳನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು. ಎಡಗಿವಿ ಈಗ ಪೂರ್ತಿ ಹೋದಂತಿದೆ, ಆ ಕಡೆ ನಿಂತು ಕೂಗಿದರೂ ಗೋಡೆಯ ಜೊತೆ ಮಾತಾಡಿದಂತೆ. ತೀರಿಹೋದ ಅಪ್ಪನ ಹೆಸರಿನಲ್ಲಿ ಸಾಯ್ರಾ ಒಲೆಯ ಮೇಲೆ ಎಣ್ಣೆ ಇಟ್ಟಾಗ ಮಾತ್ರ ನೆಟ್ಟಗೆ ಕುಳಿತು, "ಬುರುಲ್ ಎಲ್ಲಿ?" ಎಂದು ಕೇಳಿದಳು. ಉಪ್ಪಿನ ಗಣಿಯಲ್ಲಿ ಓದುತ್ತಿದ್ದಾಳೆ, ನಿನ್ನ ಮರೆವಿಗೆ ಮದ್ದು ಹುಡುಕುತ್ತಿದ್ದಾಳೆ ಎಂದೆ. "ಹಂಗಾದ್ರೆ ಮುಗಿಸಲಿ ಬಿಡು. ಅರ್ಧಕ್ಕೆ ಎಳಕೊಂಡು ಬರಬೇಡ. ಏನೇ ಆದ್ರೂ ಎಳಕೊಂಡು ಬರಬೇಡ, ತಿಳೀತಾ?" ಅಂದಳು. ಒಲೆ ಆರಿದ ಮೇಲೆ ಮತ್ತೆ ನಾನು ಮಾವನಾದೆ.

ಕೆಮ್ಮು ಸ್ವಲ್ಪ ಇದೆ. ಡಾಕ್ಟರು ಬಂದು ನೋಡಿದ್ದಾರೆ. ಹೆದರುವಂಥದ್ದೇನಿಲ್ಲ.

ತೊಲೊಮುಶ್


ನೆಲದ ಕೆಳಗೆ
ನನ್ನ ಲೆಕ್ಕದಲ್ಲಿ: 10 ಅಕ್ಟೋಬರ್, ಬುಧವಾರ
(ಮುದ್ರೆ: 15 ಅಕ್ಟೋಬರ್, ಸೋಮವಾರ)

ಅಣ್ಣಾ,

ನಿನ್ನ ಪತ್ರದ ತಲೆಯನ್ನು ನೀಟಾಗಿ ಕತ್ತರಿಸಿ ಕಳಿಸಿದ್ದಾರೆ. ಡಾಕ್ಟರು "ಬಂದು ನೋಡಿದ್ದಾರೆ" ಎಂದರೇನು? ನಮ್ಮ ಬೀದಿಗೆ ಡಾಕ್ಟರು ಸುಮ್ಮನೆ ಬರುವುದಿಲ್ಲ. ಸರಿಯಾಗಿ ಬರೆ.

ಇಲ್ಲಿ ನನ್ನ ಕೈಗೆ ಒಂದು ಗುಂಡಿ ಕೊಟ್ಟಿದ್ದಾರೆ. ಒಂದು ಗಂಟೆ ಕಳೆಯಿತು ಅನ್ನಿಸಿದಾಗ ಅದನ್ನು ಒತ್ತಬೇಕು. ನಾನು ಎಷ್ಟು ತಪ್ಪುತ್ತಿದ್ದೇನೆಂದು ಯಾರೂ ಹೇಳುವುದಿಲ್ಲ. ಆದರೆ ನೆಲದಡಿ ಇದ್ದವರೆಲ್ಲ ಹಿಂದೆ ಬೀಳುತ್ತಾರೆ, ನನ್ನ ಲೆಕ್ಕವೂ ನಿಮ್ಮದಕ್ಕಿಂತ ಹಿಂದಿರಬೇಕು. ಕೆಲವೊಮ್ಮೆ ಚಹಾ ಕುಡಿದು ಮುಗಿಸುವುದರಲ್ಲಿ ಒಂದು ಮಧ್ಯಾಹ್ನವೇ ಹೋಯಿತೇನೋ ಅನ್ನಿಸುತ್ತದೆ. ಅರವತ್ತರಲ್ಲಿ ಐವತ್ತೆರಡು ಚಿತ್ರ ಸರಿ ಬಂದಿವೆ.

ಹೆದರಿಕೆಯಿಲ್ಲ. ಮನೆ ಮಾತ್ರ ತುಂಬ ನೆನಪಾಗುತ್ತದೆ.

ಬುರುಲ್


ನೆಲದ ಕೆಳಗೆ
18 ಅಕ್ಟೋಬರ್, ಗುರುವಾರ
(ಮುದ್ರೆ: 18 ಅಕ್ಟೋಬರ್, ಗುರುವಾರ)

ಅಣ್ಣಾ,

ಇವತ್ತು ತಾರೀಖು ತಿದ್ದಿದ್ದೇನೆ. ಗೋಡೆಯ ಗೀಟಿನ ಪ್ರಕಾರ ಇವತ್ತು ಶುಕ್ರವಾರ, ಹನ್ನೆರಡು. ಆದರೆ ಎದ್ದಾಗ ಕೋಣೆ ತುಂಬ ಕಾದ ಎಣ್ಣೆಯ ವಾಸನೆಯಿತ್ತು. ಕೊಳವೆಯಿಂದ ಬರುವ ತೆಳು ವಾಸನೆಯಲ್ಲ, ದೊಡ್ಡ ಬಾಣಲೆಯದು, ಕಣ್ಣು ಉರಿಯುವಷ್ಟು. ನಮ್ಮ ಮನೆಯಲ್ಲಿ ಸತ್ತವರ ಹೆಸರಿನಲ್ಲಿ ಎಣ್ಣೆ ಕಾಯಿಸಿ ವಾಸನೆ ಎಬ್ಬಿಸುವುದು ಗುರುವಾರ. ಹೇಗೂ ನಾನು ಹಿಂದೆ ಬಿದ್ದಿರುತ್ತೇನೆ. ಹಾಗಾಗಿ ಮುಂದೆ ಸಿಗುವ ಗುರುವಾರಕ್ಕೆ, ಹದಿನೆಂಟಕ್ಕೆ, ಕ್ಯಾಲೆಂಡರನ್ನು ಎಳೆದಿಟ್ಟೆ. ಪ್ರೊಫೆಸರ್ ಓದಿದರೆ ನಗುತ್ತಾರೆ, ನಗಲಿ.

ಕನಸಿನಲ್ಲಿ ಅಮ್ಮ ಬಂದಿದ್ದಳು. ಮೇಜಿನ ಹತ್ತಿರ ನಿಂತು, "ಬುರುಲ್" ಎಂದು ಕರೆದಳು. ಎರಡು ವರ್ಷವಾಗಿತ್ತು, ಅವಳ ಬಾಯಲ್ಲಿ ನನ್ನ ಹೆಸರು ಅಷ್ಟು ಸಲೀಸಾಗಿ ಬಂದು.

ಅಮ್ಮ ಹೇಗಿದ್ದಾಳೆ?

ಬುರುಲ್


ನಾರಿನ್
21 ಅಕ್ಟೋಬರ್, ಭಾನುವಾರ

ಪ್ರೀತಿಯ ತಂಗಿ ಬುರುಲ್‌ಗೆ,

ನಿನ್ನ ಪತ್ರಗಳು ತಲುಪಿದವು. ಓದಿ ಬಹಳ ಸಂತೋಷವಾಯಿತು. ನಾವೆಲ್ಲರೂ ಕ್ಷೇಮ. ಅಮ್ಮ ನೆಮ್ಮದಿಯಾಗಿದ್ದಾಳೆ. ಕೆಮ್ಮು ನಿಂತಿದೆ. ಊರಿನಿಂದ ದೊಡ್ಡಪ್ಪ ಸುಲ್ತಾನಾಲಿ ಬಂದಿದ್ದಾರೆ, ಇನ್ನೂ ಕೆಲವು ನೆಂಟರಿದ್ದಾರೆ, ಮನೆ ತುಂಬಿದೆ. ನಿನ್ನ ಕೆಲಸ ಮನಸ್ಸಿಟ್ಟು ಮುಗಿಸು. ಇಲ್ಲಿನ ಚಿಂತೆ ಬೇಡ.

ಇಂತು ನಿನ್ನ ಅಣ್ಣ,
ತೊಲೊಮುಶ್


ಅದೇ ದಿನ. ಇದನ್ನು ಕಳಿಸುವುದಿಲ್ಲ.

ಬುರುಲ್,

ಇದನ್ನು ಅಮ್ಮನ ಹಿಟ್ಟಿನ ಡಬ್ಬಿಯಲ್ಲಿ ಇಡುತ್ತೇನೆ. ಮೇಲೆ ಬಂದಾಗ ಓದಿಕೋ, ಆಮೇಲೆ ಏನು ಬೇಕಾದರೂ ಬೈಯಿ.

ಅಮ್ಮ ಹೋಗಿಬಿಟ್ಟಳು. ಬುಧವಾರ, ಹದಿನೇಳನೇ ತಾರೀಖು, ಬೆಳಗಿನ ಚಹಾದ ಹೊತ್ತಿಗೆ. ಕೆಮ್ಮು ಎದೆಗೆ ಇಳಿದಿತ್ತು, ನಿನಗೆ ಹೇಳದೆ ಬಚ್ಚಿಟ್ಟಿದ್ದೆ. ಗುರುವಾರ ಬಂದವರಿಗೆಲ್ಲ ಬೋರ್ಸೋಕ್ ಕರಿದರು, ಅಂಗಳದಲ್ಲೇ ದೊಡ್ಡ ಬಾಣಲೆಯಿಟ್ಟು. ಶುಕ್ರವಾರ ಮಣ್ಣು ಮಾಡಿದೆವು.

ಅಂಗಳದ ಕಂಬಳಿ ಡೇರೆಯೊಳಗೆ ಹೆಂಗಸರು ಗೋಡೆಗೆ ಮುಖ ಮಾಡಿ ಹಾಡಿ ಅಳುತ್ತಿದ್ದರು. ಮಗಳು ಕೂರುವ ಜಾಗ ಖಾಲಿಯಿತ್ತು. ಸಾಯ್ರಾ ಅಲ್ಲಿ ನಿನ್ನ ಶಾಲು ಮಡಚಿಟ್ಟಿದ್ದಳು. ಹೊರಗೆ ಗಂಡಸರ ಜೊತೆ ಪದ್ಧತಿಯಂತೆ ಕೋಲೂರಿ ನಿಂತ ನನಗೆ ಒಳಗೆ ನಿನ್ನ ದನಿಯಿಲ್ಲವೆಂಬುದೊಂದೇ ಕೇಳಿಸುತ್ತಿತ್ತು. 

ನಿನ್ನನ್ನು ಕರೆಸುತ್ತೇನೆಂದು ದೊಡ್ಡಪ್ಪನಿಗೆ ಹೇಳಿದೆ. ಅವರು, "ಸಾವಿನ ಸುದ್ದೀನ ಕಾಗದದಲ್ಲಿ ಬರೀತಾರೇನೋ? ಹಿರಿಯರು ನಾಲ್ಕು ಜನ ಹೋಗಿ, ಎದುರು ಕೂತು, ಮಾತು ಸುತ್ತಿ ಬಳಸಿ ಕೇಳಿಸ್ಬೇಕು. ಕೇಳಿಸೋವರೆಗೂ ಅವಳ ಪಾಲಿಗೆ ಅಮ್ಮ ಇದಾಳೆ" ಅಂದರು. ಹಾಗಾದರೆ ಈಗಲೇ ಹೋಗೋಣ ಎಂದೆ. ಸಾಯ್ರಾ ಅಡ್ಡ ಬಂದಳು. "ಅತ್ತೆ ಕೊನೇ ಮಾತು ಮರೆತ್ರಾ? ಎಳಕೊಂಡು ಬರಬೇಡ ಅಂದಿದಾರೆ." ಹೊರಡಲು ಹಾಕಿಕೊಂಡಿದ್ದ ಬೂಟು ಬಿಚ್ಚಿಟ್ಟೆ.

ನವೆಂಬರ್ 25ಕ್ಕೆ ನಲವತ್ತನೇ ದಿನ. ಅಷ್ಟರೊಳಗೆ ಮಗಳು ಬಂದು ಅಳದಿದ್ದರೆ ಅಮ್ಮ ಅಳುವವರಿಲ್ಲದೆ ಹೋದ ಹೆಂಗಸಾಗುತ್ತಾಳೆ. ನಿನ್ನ ಎಪ್ಪತ್ತು ದಿನ ಮುಗಿಯುವುದು ಅದಾದ ಒಂದು ವಾರಕ್ಕೆ. ಏನು ಮಾಡಲಿ ಹೇಳು.


ನೆಲದ ಕೆಳಗೆ
25 ಅಕ್ಟೋಬರ್, ಗುರುವಾರ
(ಮುದ್ರೆ: 25 ಅಕ್ಟೋಬರ್, ಗುರುವಾರ)

ಅಣ್ಣಾ,

"ಇಂತು ನಿನ್ನ ಅಣ್ಣ" ಎಂದು ಬರೆದಿದ್ದೀಯ. ನೀನು ಹಾಗೆ ಬರೆದದ್ದನ್ನು ನಾನು ನೋಡಿದ್ದು ಕರೆಂಟ್ ಆಫೀಸಿನ ಅರ್ಜಿಯಲ್ಲಿ ಮಾತ್ರ.

ಇವತ್ತು ಮತ್ತೆ ವಾಸನೆ ಬಂತು. ಅಮ್ಮ ಮಂಚದ ತುದಿಯಲ್ಲಿ ಕುಳಿತಿದ್ದಳು. ನಾನು ಎದ್ದು ಮುಖ ತೊಳೆದೆ, ಚಹಾ ಮಾಡಿದೆ, ಚಿತ್ರಗಳ ಪರೀಕ್ಷೆ ಬರೆದೆ. ಅವಳು ಅಲ್ಲೇ ಇದ್ದಳು. ಎದ್ದು ಪರೀಕ್ಷೆ ಬರೆಯುವವಳನ್ನು ಕನಸಿನಲ್ಲಿದ್ದಾಳೆ ಎನ್ನಲಾಗುವುದಿಲ್ಲ. ವಾಸನೆ ಹಗುರಾದಂತೆ ಅವಳೂ ತೆಳುವಾದಳು. ಒಂಟಿಯಾಗಿ ಇದ್ದವರಿಗೆ ಮನುಷ್ಯರು ಕಾಣಿಸುವುದುಂಟು, ನಾನೇ ಅದರ ಬಗ್ಗೆ ಪಾಠ ಹೇಳಿದ್ದೇನೆ. ಆದ್ದರಿಂದ ಗಾಬರಿಯಾಗಿಲ್ಲ.

ಒಂದು ಮಾತು ಕೇಳಿದಳು. "ಸಾಯ್ರಾ ನನ್ನ ಹಾಸಿಗೆ ಯಾಕೆ ಅಂಗಳಕ್ಕೆ ಹಾಕಿದಾಳೆ? ನಾನೆಲ್ಲಿ ಮಲಗ್ಲಿ?" ಎಂದು. ನನಗೆ ಗೊತ್ತಿಲ್ಲ ಎಂದೆ.

ಚಳಿಗೆ ಅಂಗಿ ಹಾಕಿಕೋ.

ಬುರುಲ್


ನಾರಿನ್, 30 ಅಕ್ಟೋಬರ್, ಮಂಗಳವಾರ. ಇದನ್ನೂ ಕಳಿಸುವುದಿಲ್ಲ.

ಬುರುಲ್,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಅಮ್ಮನ ಹಾಸಿಗೆಯನ್ನು ಸಾಯ್ರಾ ಬಿಸಿಲಿಗೆ ಹಾಕಿದ್ದು ಬುಧವಾರ, ಇಪ್ಪತ್ನಾಲ್ಕಕ್ಕೆ, ಏಳು ದಿನದ ಶಾಸ್ತ್ರ ಮುಗಿದ ಮೇಲೆ. ನಿನಗೆ ಯಾರು ಹೇಳಿದರು?

ಅದಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ತಾರೀಖು. ಮೊದಲು ಒಂದು ದಿನ ಹಿಂದಿದ್ದೆ, ಆಮೇಲೆ ಐದು ದಿನ. ಅಮ್ಮ ಹೋದ ಮರುದಿನದಿಂದ ನಿನ್ನ ತಾರೀಖೂ ಕಚೇರಿಯ ಮುದ್ರೆಯೂ ಒಂದೇ. ಇನ್ನೊಂದು ವಿಷಯ. ಈ ಸಲ ನೀನು ಅಮ್ಮ ಹೇಗಿದ್ದಾಳೆ ಎಂದು ಕೇಳಿಲ್ಲ.

ಪ್ರೊಫೆಸರಿಗೆ ಫೋನು ಮಾಡಿದೆ. ವಾಸನೆಯ ಕೊಳವೆಯನ್ನು ಅಕ್ಟೋಬರ್ 15ಕ್ಕೇ ಮುಚ್ಚಿದ್ದಾರಂತೆ. ಮೂರು ವಾರ ವಾಸನೆ ಬಿಟ್ಟು ನೋಡುವುದು, ಉಳಿದ ದಿನ ಬಿಡದೆ ನೋಡುವುದು ಎಂದು ನೀನೇ ಬರೆದ ಯೋಜನೆಯಂತೆ, ಮುಚ್ಚುವ ದಿನ ಮಾತ್ರ ನಿನಗೆ ತಿಳಿಸಿಲ್ಲ. "ನೆನಪೇ ವಾಸನೆ ತಯಾರಿಸುತ್ತೆ, ತೊಲೊಮುಶ್" ಅಂದರು. ಸರಿ ಸಾರ್, ನೆನಪೇ ಹಾಸಿಗೆ ಒಣಗಿಸುತ್ತಾ ಎಂದು ಕೇಳಿದೆ.  ಅವರು ಫೋನನ್ನು ಎಸೆನ್‌ಗುಲ್ ಅಜ್ಜನಿಗೆ ಕೊಟ್ಟರು. ಅಜ್ಜ ಕೇಳಿದ್ದು ಒಂದೇ. "ಎಣ್ಣೆ ಯಾರ ಹೆಸರಲ್ಲಿ ಇಡ್ತಿದೀರಪ್ಪಾ?"

ಅಪ್ಪನ ಹೆಸರಿನಲ್ಲಿ ಇಟ್ಟಷ್ಟು ದಿನವೂ ನಿನಗೆ ವಾಸನೆ ಬರಲಿಲ್ಲ. ಅಮ್ಮನ ಹೆಸರಿನಲ್ಲಿ ಇಟ್ಟ ದಿನವೇ ಬಂತು. ನಾರಿನ್‌ನಿಂದ ಅಲ್ಲಿಗೆ ಎರಡು ಕಣಿವೆ ದಾಟಬೇಕು, ಆಮೇಲೆ ನೂರು ಮೀಟರ್ ಬಂಡೆ.


ನೆಲದ ಕೆಳಗೆ
8 ನವೆಂಬರ್, ಗುರುವಾರ
(ಮುದ್ರೆ: 8 ನವೆಂಬರ್, ಗುರುವಾರ)

ಅಣ್ಣಾ,

ನೀನು ಪತ್ರ ಬರೆಯುತ್ತಿಲ್ಲ. ಬರೆದು ಇಟ್ಟುಕೊಳ್ಳುತ್ತಿದ್ದೀಯ ಅನ್ನಿಸುತ್ತದೆ. ಇಟ್ಟುಕೋ.

ನನ್ನ ದಿನಗಳು ಈಗ ಚೊಕ್ಕವಾಗಿವೆ. ಗುಂಡಿ ಒತ್ತುವಾಗ ಯಾರೋ ಕೈ ಹಿಡಿದು, ಈಗ ಒತ್ತು ಎಂದಂತಾಗುತ್ತದೆ. ಹೋದ ಗುರುವಾರವೂ ಅಮ್ಮ ಬಂದಿದ್ದಳು, ಈ ಗುರುವಾರವೂ ಬಂದಳು. ಅವಳಿಗೆ ಎಲ್ಲ ನೆನಪಿದೆ. ನನ್ನ ಮೊದಲ ಹಲ್ಲು ಬಿದ್ದ ಜಾಗ, ನೀನು ಕುದುರೆಯಿಂದ ಬಿದ್ದು ಹಟ್ಟಿಯಲ್ಲಿ ಅಡಗಿದ್ದು, ಅಪ್ಪನ ಏಳು ತಲೆಮಾರಿನ ಹೆಸರು ಸಾಲಾಗಿ. ಕೇಳುತ್ತಾ ಕುಳಿತರೆ ಬಹಳ ಸುಖವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಎರಡು ವರ್ಷ ಈ ಹೆಂಗಸಿಗಾಗಿಯೇ ನಾನು ಹಂಬಲಿಸಿದ್ದು.

"ಸಾಯ್ರಾಗೆ ಹೇಳು, ಹೋದ ವಾರ ಸೋಡಾ ಎರಡು ಸಲ ಹಾಕಿದಾಳೆ, ಬಾಯೆಲ್ಲ ಕಹಿ" ಅಂದಳು. ಹೇಳಿಬಿಡು, ಪಾಪ ಅತ್ತಿಗೆ ಬೇಜಾರು ಮಾಡಿಕೊಳ್ಳದಿರಲಿ.

ಬುರುಲ್


ನಾರಿನ್, 13 ನವೆಂಬರ್, ಮಂಗಳವಾರ. ಇದು ಡಬ್ಬಿಗೆ.

ಬುರುಲ್,

ಸೋಡಾ ಎರಡು ಸಲ ಬಿದ್ದದ್ದು ನಿಜ. ನವೆಂಬರ್ ಒಂದರಂದು. ಬಾಯಿಗಿಡಲಾಗದೆ ಪಕ್ಕದ ಮನೆಯ ನಾಯಿಗೆ ಹಾಕಿದೆವು. ಸಾಯ್ರಾಳನ್ನೂ ನನ್ನನ್ನೂ ಬಿಟ್ಟರೆ ಆ ನಾಯಿಗೆ ಮಾತ್ರ ಗೊತ್ತಿದ್ದ ವಿಷಯ ಅದು. ಸಾಯ್ರಾ ಓದಿ ಒಲೆಯ ಮುಂದೆ ಕುಳಿತುಬಿಟ್ಟಳು. ಅಡುಗೆಮನೆಗೆ ಒಬ್ಬಳೇ ಹೋಗಲು ಈಗ ಒಪ್ಪುತ್ತಿಲ್ಲ.

ನನಗೆ ಹೆದರಿಕೆಯಾಗಿದೆ. ಅಮ್ಮನ ಹೆದರಿಕೆಯಲ್ಲ. ಅವಳು ಬಂದರೆ ನಿನಗೆ ಸುಖವಾಗುತ್ತದೆ ಎಂದೆಯಲ್ಲ, ಅದರ ಹೆದರಿಕೆ. ಎಪ್ಪತ್ತನೇ ದಿನ ಹಗ್ಗ ಇಳಿಸಿದರೆ ನೀನು ಹತ್ತಿ ಬರುತ್ತೀಯಾ?

ಯಾವುದರಿಂದ ಏನಾಗುತ್ತದೆಂದು ತಿಳಿಯದಿದ್ದರೆ ಒಂದನ್ನು ತೆಗೆದು ನೋಡು ಎಂದು ಹಿಂದೆ ನನ್ನ ಫ್ರಿಜ್ ರಿಪೇರಿಗೇ ಪಾಠ ಹೇಳಿದವಳು ನೀನು. ಹಾಗೇ ಮಾಡುತ್ತೇನೆ. ಈ ಗುರುವಾರ ಎಣ್ಣೆ ಇಡುವುದು ಬೇಡ ಎಂದು ಸಾಯ್ರಾಗೆ ಹೇಳಿದ್ದೇನೆ. ಹೆದರಿ ಒಲೆ ಬಿಟ್ಟವಳೇ ಈಗ ಜಗಳಕ್ಕೆ ನಿಂತಿದ್ದಾಳೆ. "ನಲವತ್ತು ತುಂಬೋ ಮುಂಚೆ ಉಪವಾಸ ಕೆಡವ್ತೀರಾ ಹೆತ್ತವಳನ್ನ?" ಎನ್ನುತ್ತಾಳೆ. ಒಂದು ವಾರ ಅಷ್ಟೇ ಎಂದೆ.


ನೆಲದ ಕೆಳಗೆ
ತಾರೀಖು ಗೊತ್ತಿಲ್ಲ
(ಮುದ್ರೆ: 18 ನವೆಂಬರ್, ಭಾನುವಾರ)

ಅಣ್ಣಾ,

ಈ ವಾರ ಗುರುವಾರ ಬರಲೇ ಇಲ್ಲ.

ಎಷ್ಟು ಸಲ ಮಲಗಿ ಎದ್ದೆನೋ ತಿಳಿಯದು. ಗೋಡೆಯ ಮೇಲೆ ಹೊಸದಾಗಿ ಎಂಟು ಗೀಟುಗಳಿವೆ, ಅದರಲ್ಲಿ ಎರಡು ನನ್ನ ಕೈಯವಲ್ಲ. ಗುಂಡಿ ಒತ್ತುವುದನ್ನು ಬಿಟ್ಟಿದ್ದೇನೆ.

ಅಮ್ಮ ಬಂದಳು, ವಾಸನೆ ಬರಲಿಲ್ಲ. ಅವಳು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಏನೋ ಸಣ್ಣ ಸದ್ದು ಕೇಳುತ್ತಿತ್ತು. ದೀಪ ಹತ್ತಿರ ಹಿಡಿದು ನೋಡಿದರೆ ಗೋಡೆಯ ಉಪ್ಪು ನೆಕ್ಕುತ್ತಿದ್ದಳು, ಚಳಿಗಾಲದಲ್ಲಿ ನಮ್ಮ ಕುರಿಗಳು ನೆಕ್ಕುವ ಹಾಗೆ. ಅಮ್ಮಾ ಎಂದೆ. ತಿರುಗಿ ನೋಡಿ, "ನೀನ್ಯಾರವ್ವಾ?" ಎಂದಳು. "ಹಸಿವಾಗ್ತಿದೆ, ಅಡುಗೆಮನೆ ಎಲ್ಲಿದೆ ಹೇಳ್ತೀಯಾ?" ಎಂದು ಕೇಳಿದಳು. ಅಪರಿಚಿತರ ಮನೆಯಲ್ಲಿ ಕೇಳುವಂತೆ ನಾಚಿಕೊಂಡು ಕೇಳಿದಳು ಅಣ್ಣಾ. ನನ್ನ ಒಣ ರೊಟ್ಟಿ ಕೊಟ್ಟೆ. ಅದನ್ನು ಹಿಡಿದುಕೊಳ್ಳಲು ಅವಳ ಕೈಗೆ ಆಗಲಿಲ್ಲ.

ಆಮೇಲೆ ಅಡುಗೆಮನೆ ಹುಡುಕುತ್ತಾ ಹಲಗೆಯ ತಡೆ ದಾಟಿ ಹಳೆಯ ಸುರಂಗದೊಳಗೆ ಹೋದಳು. ನಾನು ಹಲಗೆಯವರೆಗೆ ಹೋಗಿ ಕರೆದೆ. ಬಲಗಡೆಯ ಗೋಡೆ ಹಿಡಿದು ಹೋಗುತ್ತಿದ್ದಳು, ನನ್ನ ದನಿ ಎಡಗಿವಿಗೆ ಬಿದ್ದಿರಬೇಕು. ಒಳಗೆಲ್ಲೋ ಅವಳ ಚಪ್ಪಲಿಯ ಸದ್ದು ಈಗಲೂ ಕೇಳುತ್ತಿದೆ.

ಎರಡು ಹಲಗೆ ಬಿಚ್ಚಿದ್ದೇನೆ. ಇನ್ನೊಂದು ಬಿಚ್ಚಿದರೆ ನಾನು ನುಸುಳಬಹುದು. ಅವಳನ್ನು ಹಾಗೆ ಬಿಡಲಾಗುವುದಿಲ್ಲ.

ನೀವು ಏನು ಮಾಡಿದಿರಿ?


ನಾರಿನ್
21 ನವೆಂಬರ್, ಬುಧವಾರ

ಬುರುಲ್,

ಈ ತಾರೀಖನ್ನು ಯಾರೂ ಕತ್ತರಿಸುವುದಿಲ್ಲ. ನಾಳೆ ಗುರುವಾರ. ಗಣಿಯ ಬಾಯಿಗೆ ಬಂದ ಮೇಲೆ ಈ ಪತ್ರವನ್ನು ಮೊದಲು ಬಕೆಟ್ಟಿನಲ್ಲಿ ಇಳಿಸುತ್ತೇನೆ, ಆಮೇಲೆ ನಾವು ಇಳಿಯುತ್ತೇವೆ.

ತಪ್ಪು ನನ್ನದು. ಎಣ್ಣೆ ಇಡಬೇಡ ಎಂದವನು ನಾನು. 

ಪ್ರೊಫೆಸರ್ ಪತ್ರ ಓದಿದ ದಿನವೇ ಎಸೆನ್‌ಗುಲ್ ಅಜ್ಜನನ್ನು ನಿನ್ನ ಕೋಣೆಗೆ ಇಳಿಸಿದ್ದರಂತೆ. ನೀನು ಹಲಗೆಯ ಹತ್ತಿರ ಒರಗಿ ಮಲಗಿದ್ದೆಯಂತೆ. ಮೇಲೆ ಬಾ ಎಂದರೆ, "ನಮ್ಮವರು ಬರೋವರೆಗೂ ಬರಲ್ಲ" ಎಂದೆಯಂತೆ. ಅಂದಿನಿಂದ ಅಜ್ಜ ಬಾಗಿಲ ಬಳಿಯೇ ಕಾವಲಿದ್ದಾನೆ. "ನಾನೇ ವಿಷಯ ಹೇಳಿಬಿಡಲಾ ತೊಲೊಮುಶ್?" ಎಂದು ಪ್ರೊಫೆಸರ್ ಕೇಳಿದರು. ಬೇಡ ಸಾರ್, ಅದು ನಿಮ್ಮ ಬಾಯಲ್ಲಿ ಬರುವ ಮಾತಲ್ಲ ಎಂದೆ.

ನಾಳೆ ದೊಡ್ಡಪ್ಪ ಸುಲ್ತಾನಾಲಿ ಬರುತ್ತಾರೆ, ಅವರ ಜೊತೆ ಮೂವರು ಹಿರಿಯರು. ಯಾಕೆಂದು ಬರೆಯುವುದಿಲ್ಲ. ಸಾಯ್ರಾ ಹಿಟ್ಟು ನಾದಿ ಕಟ್ಟಿಕೊಟ್ಟಿದ್ದಾಳೆ, ಸೋಡಾ ಒಂದೇ ಸಲ. ಗಣಿಯ ಬಾಯಲ್ಲೇ ಬಾಣಲೆ ಇಟ್ಟು ಏಳು ರೊಟ್ಟಿ ಕರಿಯುತ್ತೇನೆ. ನಾನೇ ಕರಿಯುತ್ತೇನೆ, ಇವತ್ತು ಅಭ್ಯಾಸ ಮಾಡಿ ಎರಡು ಬೆರಳು ಸುಟ್ಟುಕೊಂಡಿದ್ದೇನೆ, ಬೇಕಾದರೆ ನಗು.

ಅಲ್ಲಿಯವರೆಗೆ ಮಂಚ ಬಿಟ್ಟು ಏಳಬೇಡ. ಯಾರು ಕರೆದರೂ ಆ ಹಲಗೆ ದಾಟಬೇಡ. ಚಿಕ್ಕವಳಿದ್ದಾಗ ನನ್ನ ಮಾತು ಒಂದು ಸಲವೂ ಕೇಳಿದವಳಲ್ಲ ನೀನು. ಇದೊಂದು ಸಲ ಕೇಳು.

ಅಣ್ಣ


ನೆಲದ ಕೆಳಗೆ
22 ನವೆಂಬರ್, ಗುರುವಾರ
(ಮುದ್ರೆಯಿಲ್ಲ)

ಅಣ್ಣಾ,

ನಿನ್ನ ಪತ್ರ ಬರುವ ಮೊದಲೇ ವಾಸನೆ ಬಂತು. ತಾರೀಖು ನಾನೇ ಬರೆದೆ, ಆಮೇಲೆ ನಿನ್ನ ಪತ್ರ ನೋಡಿದೆ. ಇದನ್ನು ಅದೇ ಬಕೆಟ್ಟಿನಲ್ಲಿ ಕಳಿಸುತ್ತಿದ್ದೇನೆ, ಇಳಿಯುವ ಮೊದಲು ಓದು. ಒಂದು ರೊಟ್ಟಿ ಸೀದಿದೆ, ಗೊತ್ತಾಯಿತು. ಪರವಾಗಿಲ್ಲ.

ಮೇಲೆ ದೊಡ್ಡಪ್ಪ ಕೆಮ್ಮುವುದು ಕೇಳುತ್ತಿದೆ. ಹಿರಿಯರು ಯಾಕೆ ಬಂದಿದ್ದಾರೆಂದು ನನಗೆ ಗೊತ್ತು. ಮೊದಲ ಗುರುವಾರದಿಂದ ಗೊತ್ತು. ಅವತ್ತು ಅಮ್ಮ ಹೇಳಿದ್ದರಲ್ಲಿ ಒಂದು ಮಾತನ್ನು ನಿನಗೆ ಬರೆಯಲಿಲ್ಲ. "ಅಂಗಳದಲ್ಲಿ ಡೇರೆ ಹಾಕಿದಾರೆ, ಎಲ್ಲರೂ ಅಳ್ತಿದಾರೆ ಬುರುಲ್. ಯಾರಿಗೇನಾಯ್ತು ಅಂತ ಕೇಳಿದ್ರೆ ನಂಗೆ ಯಾರೂ ಹೇಳ್ತಿಲ್ಲ" ಎಂದಳು. ಆಗಲೇ ಎಲ್ಲ ತಿಳಿಯಿತು.

ತಿಳಿದೂ ಯಾಕೆ ಸುಮ್ಮನಿದ್ದೆ ಎಂದು ಕೇಳಬೇಡ. ಹಿರಿಯರು ಕೇಳಿಸದೆ ಅಳುವ ಹಾಗಿಲ್ಲ. ನೀನು ಹೇಳದೆ ಹೊತ್ತುಕೊಂಡಿದ್ದೆ, ನಾನು ಅಳದೆ ಹೊತ್ತುಕೊಂಡಿದ್ದೆ. ಮೂವತ್ತೈದು ದಿನದಿಂದ ಅವಳಿಗಾಗಿ ಅಳಬೇಕಾದ ಹಾಡು ನನ್ನ ಎದೆಯಲ್ಲಿ ಕಲ್ಲಾಗಿ ಕೂತಿದೆ, ಒಂದು ಸಾಲೂ ಮರೆತಿಲ್ಲ. ನೀವು ಹೇಳಿದ ಕೂಡಲೇ ಗೋಡೆಗೆ ಮುಖ ಮಾಡಿ ಶುರು ಮಾಡುತ್ತೇನೆ. ಉಳಿದದ್ದು ಮನೆಯಲ್ಲಿ, ಭಾನುವಾರದೊಳಗೆ. ಹೊಟ್ಟೆ ತುಂಬ ಅತ್ತೇ ಕಳಿಸುತ್ತೇನೆ ಅವಳನ್ನು.

ದೊಡ್ಡಪ್ಪನಿಗೆ ಹೇಳು, ನನಗೇನೂ ಗೊತ್ತಿಲ್ಲವೆಂಬಂತೆಯೇ ಕೇಳಿಸಲಿ. ಮಾತು ಸುತ್ತಿ ಬಳಸಿ, ಮೆಲ್ಲಗೆ, ಪದ್ಧತಿಯ ಪ್ರಕಾರ ಹೇಳಲಿ. ಅಮ್ಮ ಹಲಗೆಯಾಚೆಯಿಂದ ವಾಪಸು ಬಂದಿದ್ದಾಳೆ. ಎಣ್ಣೆಯ ವಾಸನೆಗೆ ನನ್ನ ಹೆಸರೂ ನೆನಪಾಗಿದೆ. ಮಂಚದ ಮೇಲೆ ನನ್ನ ಬೆನ್ನಿಗೆ ಒರಗಿ ಕುಳಿತಿದ್ದಾಳೆ, ಮೇಲೆ ಯಾರು ಬಂದಿದ್ದಾರೆ, ನಮ್ಮನ್ನು ಯಾವಾಗ ಮನೆಗೆ ಕರೆದುಕೊಂಡು ಹೋಗುತ್ತಾರೆ ಎಂದು ಕೇಳುತ್ತಿದ್ದಾಳೆ. ಅವಳ ಸಾವಿನ ಸುದ್ದಿಯನ್ನು ಅವಳಿಗೆ ನಾನು ಹೇಳಿಲ್ಲ, ನನ್ನಿಂದ ಆಗಲಿಲ್ಲ.

ಹಿರಿಯರನ್ನು ಅವಳ ಬಲಗಡೆಗೆ ಕೂರಿಸು. ಎಡಗಿವಿಗೆ ಕೇಳಿಸುವುದಿಲ್ಲ.

ಬುರುಲ್